ನಡುಗುವುದು ಯಾರು? ಸತ್ಯವೇದದ ಕಂಪನ ಪದಗಳನ್ನು ನಾನು ಓದಿದ ಬಗೆ

ನಮ್ಮ ಸಭೆಯಲ್ಲಿ ವಯಸ್ಕರ ಸತ್ಯವೇದ ಅಧ್ಯಯನವನ್ನು ನಡೆಸುವವನಾಗಿ, ನಡುಕವನ್ನು ಸೂಚಿಸುವ ಹೀಬ್ರೂ ಮತ್ತು ಗ್ರೀಕ್ ಪದಗಳನ್ನು ಮೂಲದಲ್ಲಿಯೇ ನೋಡಲು ತೊಡಗಿದೆ. ನಿಘಂಟಿನ ಅರ್ಥಗಳನ್ನು ನಕಲು ಮಾಡುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ; ಎಲ್ಲ ಪದಗಳ ಎದುರಿಗೂ 'ನಡುಗು', 'ಕಂಪಿಸು', 'ಅದುರು' ಎಂದೇ ಇರುತ್ತದೆ. ಆದ್ದರಿಂದ ಪ್ರತಿಯೊಂದು ಪದವೂ ಬರುವ ವಚನಗಳನ್ನು ಪಟ್ಟಿಮಾಡುವ ಪದಸೂಚಿಯ ನೆರವಿನಿಂದ ಪ್ರತಿ ವಚನವನ್ನು ತೆರೆದು, ಅಲ್ಲಿ ನಡುಗುವುದು ಯಾರು ಅಥವಾ ಯಾವುದು, ನಡುಗಿಸಿದ್ದು ಏನು ಎಂಬ ಎರಡನ್ನೇ ಗುರುತು ಹಾಕಿಕೊಂಡೆ.

ಮೊದಲು ಹೀಬ್ರೂ ಪದಗಳು. 'ರಾಅಶ್' ಎಂಬುದು ಬಹುಮಟ್ಟಿಗೆ ಭೂಮ್ಯಾಕಾಶಗಳ ಕ್ರಿಯಾಪದ. ಇದೇ ಧಾತುವಿನ ನಾಮಪದವು ಪ್ರವಾದಿ ಆಮೋಸನ ಗ್ರಂಥದ ಮೊದಲ ವಚನದಲ್ಲಿ ಭೂಕಂಪವೆಂಬ ಅರ್ಥದಲ್ಲಿ ಬರುತ್ತದೆ. ಅರಸನಾದ ಉಜ್ಜೀಯನ ಕಾಲದ ಆ ಕಂಪನವನ್ನು ಜೆಕರ್ಯನ ಗ್ರಂಥವೂ ನೆನೆಯುತ್ತದೆ. ಉತ್ತರ ಇಸ್ರೇಲಿನ ಹಾಚೋರಿನಲ್ಲಿ ಉತ್ಖನನ ನಡೆಸಿದ ಯಿಗಾಯೆಲ್ ಯಾದಿನ್, ಕ್ರಿ.ಪೂ. ಎಂಟನೆಯ ಶತಮಾನದ ಪದರದಲ್ಲಿ ಕಂಡ ಹಾನಿಯನ್ನು ಅದಕ್ಕೇ ಸಂಬಂಧಿಸಿದರು.

'ಹಾರದ್' ಸಾಮಾನ್ಯವಾಗಿ ಮನುಷ್ಯರ ನಡುಕ. ಆದರೆ ವಿಮೋಚನಕಾಂಡ 19ರಲ್ಲಿ ಮೊದಲು ಪಾಳೆಯದ ಜನರು, ಎರಡು ವಚನಗಳ ತರುವಾಯ ಸೀನಾಯಿ ಬೆಟ್ಟವು, ಇದೇ ಕ್ರಿಯಾಪದದಿಂದ ನಡುಗುತ್ತಾರೆ. ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಎರಡನೆಯ ಕಡೆಯಲ್ಲಿಯೂ ಬೆಟ್ಟದ ಬದಲು 'ಜನರೆಲ್ಲರೂ' ಎನ್ನುತ್ತದೆ. ಕೆಲವು ಹೀಬ್ರೂ ಹಸ್ತಪ್ರತಿಗಳೂ ಹಾಗೆಯೇ ಹೇಳುತ್ತವೆ. ನನಗೆ ಬೆಟ್ಟವಿರುವ ಹಸ್ತಪ್ರತಿಗಳ ಪಾಠವೇ ಹೆಚ್ಚು ಬಲವಾದದ್ದೆನಿಸುತ್ತದೆ, ಏಕೆಂದರೆ ಅಪರೂಪದ ಪ್ರಯೋಗವನ್ನು ಲಿಪಿಕಾರರು ಸರಳಗೊಳಿಸಿರುವ ಸಂಭವವೇ ಹೆಚ್ಚು. ಇದೇ ಧಾತು 2 ಅರಸುಗಳು 4:13ರಲ್ಲಿ ಶೂನೇಮಿನ ಸ್ತ್ರೀ ಪ್ರವಾದಿ ಎಲೀಷನಿಗೆ ಮಾಡಿದ ಉಪಚಾರಕ್ಕೂ ಬಳಕೆಯಾಗಿದೆ: ಅತಿಥಿಗಾಗಿ ಪಟ್ಟ ಕಾತರವೂ ಒಂದು ಬಗೆಯ ನಡುಕವೇ! ದೇವರ ಮಾತಿಗೆ ನಡುಗುವವರ ಕುರಿತಾದ ಯೆಶಾಯ 66ರ ವಚನಗಳಿಂದಲೇ ಕಟ್ಟಾ ಸಂಪ್ರದಾಯಸ್ಥರಾದ ಇಂದಿನ ಹರೇದಿ ಯೆಹೂದ್ಯರ ಹೆಸರು ಬಂದಿದೆ.

'ರಾಗಜ್' ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿತು. ಅದು ನಡುಕವೂ ಹೌದು, ಒಳಗಿನ ಕುದಿತವೂ ಹೌದು. ನಾಲ್ಕನೆಯ ಕೀರ್ತನೆಯ 'ರಿಗ್ಜೂ' ಎಂಬ ಆಜ್ಞೆಯನ್ನು ನಡುಗಿರಿ ಎಂದು ಓದಬಹುದಾದರೂ, ಸೆಪ್ಟುವಜಿಂಟ್ ಅದನ್ನು 'ಕೋಪಗೊಳ್ಳಿರಿ' ಎಂದು ಅನುವಾದಿಸಿತು. ಎಫೆಸ 4:26ರಲ್ಲಿ ಕೋಪಮಾಡಿದರೂ ಪಾಪಮಾಡಬಾರದೆಂಬ ಬುದ್ಧಿವಾದವು ಆ ಗ್ರೀಕ್ ಮಾತನ್ನೇ ಎತ್ತಿಕೊಂಡಿದೆ.

ಗ್ರೀಕ್‌ನಲ್ಲಿ ಮತ್ತಾಯನು 'ಸೆಯೊ' ಎಂಬ ಪದವನ್ನು ಬೇಕೆಂದೇ ಹೆಣೆದಿದ್ದಾನೆಂಬುದು ನನ್ನ ಅಭಿಪ್ರಾಯ. ಯೇಸು ಪ್ರವೇಶಿಸುವಾಗ ಯೆರೂಸಲೇಮ್ ಪಟ್ಟಣವು, ಆತನು ಪ್ರಾಣಬಿಟ್ಟಾಗ ಭೂಮಿಯು, ಸಮಾಧಿಯ ಬಳಿ ಕಾವಲುಗಾರರು, ಎಲ್ಲರೂ ಇದೇ ಕ್ರಿಯಾಪದದಿಂದ ಅದುರುತ್ತಾರೆ. ಮಾರ್ಕನು 'ಬಿರುಗಾಳಿ' ಎಂದು ಕರೆದ ಗಲಿಲಾಯ ಸಮುದ್ರದ ಅಲ್ಲೋಲಕಲ್ಲೋಲವನ್ನು ಸಹ ಮತ್ತಾಯನು 'ಸೆಯಿಸ್ಮೊಸ್', ಅಂದರೆ ಕಂಪನ, ಎನ್ನುತ್ತಾನೆ. 'ಸಲೆವೊ' ಅಲುಗಾಟದ ಪದ: ಪ್ರವಾಹಕ್ಕೂ ಅಲುಗದ ಮನೆಗೂ, ಅಲ್ಲಾಡಿಸಿ ತುಂಬಿದ ಅಳತೆಗೂ ಲೂಕನಲ್ಲಿ ಅದೇ. ಪೌಲನ 'ಭಯದಿಂದಲೂ ನಡುಕದಿಂದಲೂ' ಎಂಬ ಜೋಡಿನುಡಿಯಲ್ಲಿ ಇರುವುದು 'ತ್ರೊಮೊಸ್'.

ನಮ್ಮ ಅಧ್ಯಯನದಲ್ಲಿ ಹೆಚ್ಚು ಪ್ರಶ್ನೆಗಳು ಎದ್ದದ್ದು ಯಾಕೋಬ 2:19ರ 'ಫ್ರಿಸ್ಸೊ' ಕುರಿತು. ಹೊಸ ಒಡಂಬಡಿಕೆಯಲ್ಲಿ ಒಮ್ಮೆ ಮಾತ್ರ ಬರುವ ಈ ಪದ, ಗ್ರೀಕ್ ಯೋಬನ ಗ್ರಂಥದಲ್ಲಿ ಕೂದಲು ನಿಮಿರುವುದಕ್ಕೆ ಬಳಕೆಯಾಗಿದೆ. ಹಾಗಾಗಿ ಯಾಕೋಬನ ವಚನದಲ್ಲಿ ದೆವ್ವಗಳು ನಡುಗುವುದಕ್ಕಿಂತ ಅವುಗಳ ರೋಮ ನಿಮಿರುತ್ತದೆ ಎಂದೇ ವಿವರಿಸಿದೆ.