ಬಾವಿ ಉಪ್ಪಾದರೆ, ಮನವಿಗೆ ಮೊದಲು

ಅಘನಾಶಿನಿ ಹೊಳೆ ದಂಡೆಯ ನಮ್ಮ ಕೇರಿಯಲ್ಲಿ ಬಾವಿ ನೀರು ಉಪ್ಪಾಯಿತು ಅಂದರೆ ಸಾಕು, ‘ನಡೀರಿ, ತಹಶೀಲ್ದಾರರಿಗೆ ಮನವಿ ಕೊಡೋಣ’ ಎಂದು ಯಾರಾದರೂ ಎದ್ದೇಬಿಡುತ್ತಾರೆ. ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಎಷ್ಟು ಬಾವಿ, ಎಂದಿನಿಂದ ಎಂದು ಅವರು ಕೇಳಿದರೆ?

ಅದಕ್ಕೇ ನಮ್ಮ ಮಹಿಳಾ ಸಂಘದವರಿಗೆ ಹೇಳುತ್ತೇನೆ, ಮೊದಲು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ. ಬಾವಿಯ ಆಳ, ಗಜನಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ಒಡ್ಡಿನಿಂದ ದೂರ, ಪಂಪು ಇದೆಯೋ ಇಲ್ಲವೋ, ಯಾವಾಗಿಂದ ಉಪ್ಪು, ಇಷ್ಟು ಬರೆದುಕೊಳ್ಳಿ. ‘ಮೊದಲಿಂದ್ಲೂ ಹೀಗೇ’ ಅಂದರೆ ಬಿಡಬೇಡಿ. ಮಗಳ ಮದುವೆ ಅಡುಗೆ ಈ ನೀರಲ್ಲೇ ಮಾಡಿದ್ರಾ ಎಂದು ಕೇಳಿ. ಇಸವಿ ತಾನಾಗಿ ಬರುತ್ತದೆ.

ನಾಲಿಗೆಯ ರುಚಿ ಕಚೇರಿಯಲ್ಲಿ ನಡೆಯುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೆಕ್ಕದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ (ಉಪ್ಪಿನ ಅಂಶ) ಮಿತಿ. ಬೇರೆ ನೀರೇ ಇಲ್ಲದಿದ್ದರೆ 1000. ಜಲಜೀವನ್ ಮಿಷನ್‌ನ ಪರೀಕ್ಷಾ ಕಿಟ್ ಇದೆಯಾ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಒಂದೇ ಬಾವಿಯನ್ನು ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ (ಉಬ್ಬರದ) ಹೊತ್ತಿಗೆ ಒಮ್ಮೆ, ಅಷ್ಟಮಿ ಹೊತ್ತಿಗೆ ಒಮ್ಮೆ ನೋಡಿ. ಭರತಕ್ಕೆ ತಕ್ಕಂತೆ ಉಪ್ಪು ಏರಿಳಿದರೆ ಹೊಳೆಯ ಕಡೆ ಹುಡುಕಬೇಕು: ಒಡ್ಡು ಒಡೆದಿದೆಯಾ, ಒಡ್ಡಿನ ನೀರು ಬಿಡುವ ಬಾಗಿಲ ಹಲಗೆ ಕೊಳೆತಿದೆಯಾ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಏರಿದರೆ ನಮ್ಮ ತೋಟದ ಪಂಪೇ ಉಪ್ಪನ್ನು ಎಳೆಯುತ್ತಿರಬಹುದು. ಈ ಮಾತಿಗೆ ಸಂಘದಲ್ಲೇ ಮುಖ ಸಿಂಡರಿಸುವವರಿದ್ದಾರೆ, ಇರಲಿ. ಆದರೆ ಬೇಸಿಗೆಯಲ್ಲಿ ಹೊಳೆಯ ಸಿಹಿನೀರೂ ಕಡಿಮೆ, ಉಪ್ಪು ಮೇಲಕ್ಕೆ ಬರುತ್ತದೆ. ಪಂಪು ಇರುವ ಬಾವಿಯನ್ನೂ ಇಲ್ಲದ್ದನ್ನೂ ಹೋಲಿಸದೆ ತೀರ್ಮಾನ ಬೇಡ. ಹತ್ತಿರ ಸೀಗಡಿ ಹೊಂಡ ಇದ್ದರೂ ಅಷ್ಟೇ. ಹೊಂಡ ಶುರುವಾದ ಇಸವಿ, ಬಾವಿ ಕೆಟ್ಟ ಇಸವಿ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಸುಮ್ನೆ ಬೈದರೆ ಆಗದು.

ಒಡ್ಡಿನ ದುರಸ್ತಿಗೆ ಹಣ ಬಂದಿತ್ತಾ ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಲಿಲ್ಲ’ ಎಂದು ಬರೆದರೆ ಉತ್ತರ ಸಿಗುವುದು ಕಷ್ಟ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೊಡಿ ಎಂದು ಕೇಳಿ.

ಇಷ್ಟಾದ ಮೇಲೆ ಯಾರ ಬಾಗಿಲಿಗೆ ಹೋಗಬೇಕೆಂದು ತಿಳಿಯುತ್ತದೆ. ಖಾರ್‌ಲ್ಯಾಂಡ್ (ಗಜನಿಯಂಥ ಉಪ್ಪುನೆಲ) ಒಡ್ಡಾದರೆ ಸಣ್ಣ ನೀರಾವರಿ ಇಲಾಖೆ, ನಳದ ನೀರಾದರೆ ಪಂಚಾಯಿತಿ. ಗ್ರಾಮಸಭೆಯಲ್ಲಿ ನೋಟ್‌ಬುಕ್‌ನ ಜೆರಾಕ್ಸ್ ಕೊಡಿ, ಮೂಲ ನಿಮ್ಮಲ್ಲೇ ಇರಲಿ. ಮನವಿಯ ಇನ್ನೊಂದು ಪ್ರತಿಗೆ ತಾರೀಕಿನ ಸೀಲು ಹಾಕಿಸಿಕೊಂಡೇ ಮನೆಗೆ ಬನ್ನಿ.