ಮೂರು ಹಬ್ಬ ಒಂದೇ ದಿನ ಬಂದಾಗ

ದಾವಣಗೆರೆಯಲ್ಲಿ ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವುದು ನನ್ನ ಕೆಲಸ. 2022ರ ಮೇ 3 ನನಗೆ ಚೆನ್ನಾಗಿ ನೆನಪಿದೆ. ಅಕ್ಷಯ ತದಿಗೆ, ಬಸವ ಜಯಂತಿ ಎರಡೂ ವೈಶಾಖ ಶುದ್ಧ ತದಿಗೆಗೇ ಬರುತ್ತವೆ. ಆ ವರ್ಷ ರಂಜಾನ್ ಹಬ್ಬವೂ ಅದೇ ಮಂಗಳವಾರ ಬಂತು.

ಚಿನ್ನದಂಗಡಿಯ ಮಾಲೀಕರೊಬ್ಬರು ವಾರ ಮೊದಲೇ ಕರೆಸಿದರು. "ನಡುವೆ ಬಸವಣ್ಣ, ಬಲಕ್ಕೆ ಲಕ್ಷ್ಮಿ, ಎಡಕ್ಕೆ ಮಸೀದಿ ಹಾಕ್ರಿ. ಕೆಳಗೆ ಮೇಕಿಂಗ್ ಚಾರ್ಜ್ ಆಫರ್" ಅಂದರು. ಅವರ ಮನಸ್ಸು ಒಳ್ಳೆಯದೇ, ಎಲ್ಲರನ್ನೂ ಸೇರಿಸಿಕೊಳ್ಳುವ ಆಸೆ. ಆದರೂ ನನಗೆ ಕೈ ಓಡಲಿಲ್ಲ.

ಕೆಲವು ವರ್ಷಗಳ ಹಿಂದೆ ವರಮಹಾಲಕ್ಷ್ಮಿ ಹಬ್ಬಕ್ಕೆ ದೇವಿಯ ಫೋಟೊ ಹಾಕಿ ಕರಪತ್ರ ಮಾಡಿದ್ದೆ. ಪೇಪರ್ ಒಳಗೆ ಸೇರಿ ಮನೆಮನೆಗೆ ಹೋಗಿತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ನಾಲ್ಕು ಕರಪತ್ರ ಹಿಡಿದು ಬಂದರು. "ತಮ್ಮಾ, ದೇವರ ಫೋಟೊ ಐತೆ, ಕಸಕ್ಕೆ ಹಾಕಕೆ ಕೈ ಬರಲ್ಲ. ಎಲ್ಲಿಡಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಎಸೆಯುವ ಕಾಗದದ ಮೇಲೆ ದೇವರನ್ನು ಅಚ್ಚು ಹಾಕಿಸಿಲ್ಲ. ಕಳಶ, ಬಾಳೆಕಂದು, ಮಾವಿನ ತೋರಣ ಇದ್ದರೆ ಹಬ್ಬ ಗೊತ್ತಾಗುತ್ತದೆ ಅಲ್ವಾ?

ಬಸವಣ್ಣನವರು ಕಾಯಕ, ದಾಸೋಹ ಅಂದವರು. ಅವರ ಪಕ್ಕ ಗ್ರಾಂ ಚಿನ್ನದ ರೇಟು ಬೇಡ ಅಂತ ನೇರವಾಗಿ ಹೇಳಿದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ರೀ, ತೆಗೀರಿ" ಅಂದರು.

ಕೊನೆಗೆ ಎರಡು ಜಾಹೀರಾತು ಮಾಡಿದೆವು. ಒಂದರಲ್ಲಿ ಬಸವ ಜಯಂತಿ, ರಂಜಾನ್ ಶುಭಾಶಯ ಮತ್ತು ಅಂಗಡಿ ಹೆಸರು ಮಾತ್ರ. ಇನ್ನೊಂದರಲ್ಲಿ ರಿಯಾಯಿತಿ, ಯಾರು ಬಂದರೂ ಅಷ್ಟೇ. "ಇಂದು ಕೊಂಡರೆ ಸಂಪತ್ತು ಅಕ್ಷಯ" ಅನ್ನುವ ಸಾಲನ್ನು ಬಿಟ್ಟೆ. ಅದು ಜನರ ನಂಬಿಕೆ, ಅಂಗಡಿ ಕೊಡುವ ಗ್ಯಾರಂಟಿ ಅಲ್ಲ. ಸಾಲ ಮಾಡಿ ಒಂದು ಗ್ರಾಂ ಕೊಳ್ಳುವವರೂ ಅದನ್ನು ಓದುತ್ತಾರೆ.

ರಂಜಾನ್ ದಿನ ಚಂದ್ರನ ಮೇಲೆ ನಿಂತಿದೆ, ಮೊದಲೇ ಅಚ್ಚು ಹಾಕಿಸುವಂತಿಲ್ಲ. ಭಾನುವಾರ ಸಂಜೆ ಚಂದ್ರ ಕಾಣಲಿಲ್ಲ. 30 ಉಪವಾಸ ಮುಗಿಸಿ ಮಂಗಳವಾರ ಹಬ್ಬ ಅಂತ ಖಚಿತವಾದ ಮೇಲೇ ಪುಟ ಕಳಿಸಿದೆ. ಅದಕ್ಕೂ ಮೊದಲು ಪ್ರೆಸ್ಸಿನ ಮುಸ್ಲಿಂ ಗೆಳೆಯನಿಗೆ ತೋರಿಸಿದ್ದೆ. "ಮಸೀದಿ ಬೇಡ ಅಣ್ಣಾ, ಚಂದ್ರ ಸಾಕು" ಅಂದಿದ್ದ.

ಅದೇ ಆಗಸ್ಟಿನಲ್ಲಿ ಇನ್ನೊಂದು ಅಂಗಡಿಯವರು "ಮೊಹರಂ ಧಮಾಕಾ" ಕೇಳಿದರು. ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿತ, ಹಲಗೆ ಸದ್ದು ಜೋರಾಗಿರುತ್ತದೆ. ಹಿಂದೂಗಳೂ ಹರಕೆ ಹೊರುತ್ತಾರೆ. ಹಾಗಾಗಿ ಅವರಿಗೆ ಸಂಭ್ರಮದ ಹಬ್ಬ ಅನ್ನಿಸಿದ್ದು ಸಹಜ. ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಮಡಿದ ದುಃಖದ ದಿನ ಅದು ಅಂತ ವಿವರಿಸಿದೆ.

"ಹಂಗಾದ್ರೆ ಏನು ಬರೀಬೇಕು?" ಅಂದರು.

"ಅವತ್ತು ಏನೂ ಬೇಡ ಸರ್" ಅಂದೆ. ಒಪ್ಪಿದರು.