ತಾತನ ಕಾಗದಕ್ಕೆ ಇಸವಿ ಹುಡುಕಿದ್ದು

ಮನೆಯಲ್ಲಿ ಹಳೆ ಕಾಗದ ಸಿಕ್ಕರೆ ಸಾಕು, ಲ್ಯಾಮಿನೇಷನ್ ಮಾಡಿಸೋಣ ಅಂತ ಒಬ್ಬರಾದರೂ ಹೇಳುತ್ತಾರೆ. ನಮ್ಮನೆಯಲ್ಲೂ ಹೇಳಿದರು. ನಾನು ಒಪ್ಪಲಿಲ್ಲ. ಬಿಸಿಗೆ ಪ್ಲಾಸ್ಟಿಕ್ಕು ಕಾಗದಕ್ಕೆ ಕಚ್ಚಿಕೊಂಡರೆ ಮತ್ತೆ ಬಿಡಿಸೋಕೆ ಆಗಲ್ಲ. ಸೆಲ್ಲೋಟೇಪ್ ಹಾಕಿದರೂ ಅಷ್ಟೇ, ಕೆಲವು ವರ್ಷದಲ್ಲಿ ಅದರ ಅಂಟು ಹಳದಿ ತಿರುಗಿ ಕೆಳಗಿನ ಅಕ್ಷರವನ್ನೂ ಹಾಳು ಮಾಡುತ್ತದೆ. ಮಾಡಿದ ಕೆಲಸವನ್ನು ನಾಳೆ ವಾಪಸ್ ತೆಗೆಯಬಹುದಾ? ಆಗಲ್ಲ ಅಂದರೆ ಮಾಡಬಾರದು. ನಾನು ಇಟ್ಟುಕೊಂಡಿದ್ದು ಇದೊಂದೇ ನಿಯಮ.

ನಮ್ಮ ತಾತ ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತರು. ಆಲೆಮನೆಗಳಿಂದ ಬಂದ ಅಚ್ಚು ಬೆಲ್ಲ, ಉಂಡೆ ಬೆಲ್ಲ ಎಲ್ಲ ಮಂಡಿಯಿಂದ ದಾವಣಗೆರೆ, ಹುಬ್ಬಳ್ಳಿ, ಸೊಲ್ಲಾಪುರದ ಕಡೆ ಹೋಗುತ್ತಿತ್ತು. ಹೋದ ಮಾಲಿಗೆ ದುಡ್ಡು ವಸೂಲಿ ಮಾಡಿಕೊಂಡು ಬರುವುದು ತಾತನ ಕೆಲಸ. ಹಾಗಾಗಿ ವರ್ಷದಲ್ಲಿ ಎಷ್ಟೋ ದಿನ ಅವರು ಊರಲ್ಲಿ ಇರುತ್ತಿರಲಿಲ್ಲ. ಎಲ್ಲಿದ್ದರೂ ಕಾಗದ ಹಾಕುತ್ತಿದ್ದರು. ಮೇಲ್ಗಡೆ ಬಲಕ್ಕೆ ‘ಕ್ಯಾಂಪ್’ ಅಂತ ಬರೆದು ಪಕ್ಕದಲ್ಲಿ ಊರಿನ ಹೆಸರು. ಆದರೆ ಇಸವಿ ಮಾತ್ರ ಬರೆಯುತ್ತಿರಲಿಲ್ಲ. ಓದುವವರಿಗೆ ಯಾವ ವರ್ಷ ಅಂತ ಗೊತ್ತಿತ್ತಲ್ಲ, ಯಾಕೆ ಬರೀಬೇಕು?

ಬಂದ ಕಾಗದವನ್ನೆಲ್ಲ ಅಜ್ಜಿ ಗೋಡೆಗೆ ನೇತುಹಾಕಿದ ತಂತಿಗೆ ಚುಚ್ಚಿಡುತ್ತಿದ್ದರು. ಆಗ ಎಲ್ಲ ಮನೆಯಲ್ಲೂ, ಅಂಗಡಿಯಲ್ಲೂ ಇಂಥ ತಂತಿ ಇರುತ್ತಿತ್ತು. ಕಂದಾಯದ ರಸೀದಿ, ಮದುವೆ ಪತ್ರಿಕೆ, ಕಬ್ಬಿನ ಚೀಟಿ, ತಾತನ ಕಾಗದ ಎಲ್ಲ ಒಂದೇ ತಂತಿಯಲ್ಲಿ. ಅಪ್ಪ ಮಂಡ್ಯದ ಮನೆ ಖಾಲಿ ಮಾಡಿ ಮೈಸೂರಿಗೆ ನಮ್ಮ ಜೊತೆ ಬಂದಾಗ ಆ ತಂತಿ ಹಾಗೇ ಟ್ರಂಕಿನಲ್ಲಿ ಬಂತು.

ತಂತಿಯ ಕೊಕ್ಕೆಯಿಂದ ಒಂದೊಂದೇ ಎಳೆದು ತೆಗೆಯಬಹುದಿತ್ತು. ಆದರೆ ತುಕ್ಕು ಹಿಡಿದು ಕಾಗದಕ್ಕೆ ಅಂಟಿತ್ತು. ಎಳೆದಿದ್ದರೆ ತೂತು ಹರಿದು ಸೀಳಾಗುತ್ತಿತ್ತು. ಕಟಿಂಗ್ ಪ್ಲೇಯರ್ ತಗೊಂಡು ತಂತಿಯನ್ನೇ ತುಂಡು ಮಾಡಿದೆ. ಒಂದೊಂದು ಹಾಳೆ ತೆಗೆಯುವ ಮೊದಲೂ ಒಂದು ಫೋಟೊ. ತಂತಿಯಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ ಇರುತ್ತದೆ. ತಾರೀಖಿಲ್ಲದ ಕಾಗದಕ್ಕೆ ಅದರ ಹಿಂದೆ ಮುಂದೆ ಇರುವ ರಸೀದಿಗಳೇ ಸಾಕ್ಷಿ. ಒಮ್ಮೆ ಕಲಸಿಬಿಟ್ಟರೆ ಆ ಸಾಕ್ಷಿ ಹೋಯ್ತು.

ಅವುಗಳಲ್ಲಿ ಒಂದು ಅಪ್ಪನ ಹೆಸರಿಗೇ ಬಂದಿದ್ದು. ನೀಲಿ ಇನ್‌ಲ್ಯಾಂಡ್ ಲೆಟರ್. ‘ಚಿ|| ಮಗನಿಗೆ ತಂದೆಯ ಆಶೀರ್ವಾದಗಳು. ಯಿತ್ತ ಕ್ಷೇಮ’ ಅಂತ ಶುರು. ನಾನು ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಮಡಿಕೆ ಬಿಚ್ಚೋದೇ ಒಂದು ಕೆಲಸವಾಯ್ತು. ಇಸ್ತ್ರಿ ಹಾಕಬೇಡಿ, ಹಬೆಗೆ ಹಿಡಿಯಬೇಡಿ. ಅದರಲ್ಲೂ ಈ ಕಾಗದಕ್ಕೆ ನೀರಿನ ಪಸೆ ತಾಗಲೇಬಾರದಿತ್ತು. ಯಾಕೆಂದರೆ ತಾತ ಬರೆದದ್ದು ಕಾಪಿಯಿಂಗ್ ಪೆನ್ಸಿಲ್‌ನಲ್ಲಿ. ಆಗ ಮಂಡಿಯವರು, ರೈಲ್ವೆಯವರು ಇಟ್ಟುಕೊಳ್ಳುತ್ತಿದ್ದ ಪೆನ್ಸಿಲ್ಲು. ಒಣಗಿದ್ದಾಗ ಬರಹ ಸೀಸದ ಹಾಗೆ ಬೂದು ಬಣ್ಣ, ಒದ್ದೆಯಾದರೆ ನೇರಳೆ ಶಾಯಿ. ಕಾಗದದ ಎಡಗಡೆ ಅಂಚಿನಲ್ಲಿ ಹೆಬ್ಬೆರಳಿನ ಅಗಲಕ್ಕೆ ನಾಲ್ಕು ಸಾಲು ನೇರಳೆಯಾಗಿತ್ತು. ಬೆವರಿದ ಕೈಯೋ, ಮಳೆ ಹನಿಯೋ. ಬರೀ ಒಣ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ನಿಘಂಟು ಹೇರಿ, ಸುಮ್ನೆ ಬಿಟ್ಟೆ. ನಿಧಾನವಾಗಿ ಚಪ್ಪಟೆಯಾಯಿತು.

ಒಬ್ಬ ಗೆಳತಿ ಹುಲ್ಲೆಣ್ಣೆ ಸವರು ಅಂದಳು. ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗೆ ಎಣ್ಣೆ ಸವರುವುದನ್ನು ಅವಳು ನೋಡಿದ್ದಳು. 1891ರಲ್ಲಿ ಶುರುವಾದ ಸಂಸ್ಥೆ, ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಇರುವ ಜಾಗ. ಅವರು ಮಾಡುವುದು ಸರಿಯೇ. ಆದರೆ ಅದು ಗರಿ, ಇದು ಕಾಗದ. ಗರಿಗೆ ಎಣ್ಣೆ ಮೆದು ಕೊಡುತ್ತದೆ, ಕಾಗದಕ್ಕೆ ಜಿಡ್ಡಿನ ಕಲೆ ಕೊಡುತ್ತದೆ ಅಷ್ಟೆ.

ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ ಇಟ್ಟು ಬಣ್ಣದಲ್ಲೇ ತೆಗೆದೆ. ಕಪ್ಪು ಬಿಳುಪಿನಲ್ಲಿ ತೆಗೆದರೆ ಕಲೆ ಯಾವುದು, ಅಕ್ಷರ ಯಾವುದು ಗೊತ್ತಾಗಲ್ಲ. ಮಾಸಿದ ಸಾಲುಗಳಿಗೆ ಎರಡು ಉಪಾಯ ಕೆಲಸಕ್ಕೆ ಬಂದವು. ಒಂದು, ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಹಸಿರು ಚಾನೆಲ್ ಮಾತ್ರ ನೋಡುವುದು. ನೇರಳೆ ಬಣ್ಣ ಅಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ. ಇನ್ನೊಂದಕ್ಕೆ ಖರ್ಚೇ ಇಲ್ಲ. ಕತ್ತಲೆ ಕೋಣೆಯಲ್ಲಿ ಕಾಗದವನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೇ ಹಿಡಿದು ಪಕ್ಕದಿಂದ ಬೆಳಕು ಬಿಡುವುದು. ತಾತನ ಕೈ ಭಾರ. ಬಣ್ಣ ಹೋಗಿದ್ದ ಕಡೆಯೂ ಪೆನ್ಸಿಲ್ ಒತ್ತಿದ ಗೀರು ಉತ್ತ ಹೊಲದ ಸಾಲಿನ ಹಾಗೆ ಕಂಡಿತು.

ಈಗ ಇಸವಿಯ ಮಾತು. ಕಾಗದದ ತಲೆಯಲ್ಲಿ ಇದ್ದದ್ದು ಇಷ್ಟೇ: ‘ಕ್ಯಾಂಪ್ ಹುಬ್ಬಳ್ಳಿ, ಭೀಮನ ಅಮಾವಾಸ್ಯೆ, ಶನಿವಾರ’.

ಒಳಗೆ ಓದುವ ಮೊದಲು ಹೊರಮೈ ನೋಡಿದೆ. ಎಲ್ಲರೂ ಒಳಗಿನ ಮಾತಿಗೆ ಮನಸೋತು ಹೊರಗಡೆ ನೋಡೋದೇ ಇಲ್ಲ. ಅಚ್ಚಾದ ಅಂಚೆಚೀಟಿಯಲ್ಲಿ ಬೆಲೆ ನಯಾ ಪೈಸೆಯಲ್ಲಿತ್ತು. ನಯಾ ಪೈಸೆ, ಅಂದರೆ ಆಣೆಯ ಬದಲು ರೂಪಾಯಿಗೆ ನೂರರ ಲೆಕ್ಕದ ಹೊಸ ಪೈಸೆ, ಬಂದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನ್ 1ರಿಂದ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಅಲ್ಲಿಗೆ ಏಳು ವರ್ಷದ ಒಳಗೆ ಬಂತು. ವಿಳಾಸದಲ್ಲಿ ಪಿನ್‌ಕೋಡ್ ಇರಲಿಲ್ಲ, ಆದರೆ ಅದು ಬಂದದ್ದೇ 1972ರ ಆಗಸ್ಟ್ 15ಕ್ಕೆ. ಇಲ್ಲಿ ಅದರಿಂದ ಉಪಯೋಗವಿಲ್ಲ.

ಆಮೇಲೆ ಪಂಚಾಂಗ. ಹಳೆ ಒಂಟಿಕೊಪ್ಪಲ್ ಪಂಚಾಂಗ ಜೋಡಿಸಿಟ್ಟ ಮನೆ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಹಳೆ ವರ್ಷದ ತಿಥಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ಆಷಾಢದ ಅಮಾವಾಸ್ಯೆ ಶನಿವಾರ ಬಿದ್ದ ವರ್ಷ ಒಂದೇ ಇರುತ್ತದೆ ಅಂದುಕೊಳ್ಳಬೇಡಿ. ಮೂರು ಸಿಕ್ಕವು: 1957ರ ಜುಲೈ 27, 1960ರ ಜುಲೈ 23, 1963ರ ಜುಲೈ 20.

ಮತ್ತೆ ಹೊರಮೈಗೆ ಬಂದೆ. ಹುಬ್ಬಳ್ಳಿಯ ಮುದ್ರೆ ಮಸಿ ಮೆತ್ತಿ ಹೋಗಿತ್ತು. ಆಗ ಕಾಗದ ತಲುಪಿದ ಊರಿನಲ್ಲೂ ಮುದ್ರೆ ಹೊಡೆಯುತ್ತಿದ್ದರು. ಮಂಡ್ಯದ ಮುದ್ರೆಯಲ್ಲಿ ಇಸವಿ ಇಲ್ಲ, ಆದರೆ ಟಾರ್ಚಿಗೆ ‘30’ ಮತ್ತು ಜುಲೈ ಕಂಡವು. ಜುಲೈ 27ಕ್ಕೆ ಹಾಕಿದ ಕಾಗದ 30ಕ್ಕೆ ಮುಟ್ಟಿದರೆ ಸಹಜ. ಮಿಕ್ಕ ಎರಡು ವರ್ಷ ಲೆಕ್ಕ ಹಾಕಿದರೆ ಏಳು ದಿನ, ಹತ್ತು ದಿನ ಆಗುತ್ತದೆ. ಆಗಬಾರದು ಅಂತಿಲ್ಲ. ತಂತಿಯಲ್ಲಿ ಇದರ ಕೆಳಗೆ ಇದ್ದದ್ದು 1957ರ ಕಂದಾಯದ ರಸೀದಿ, ಮೇಲೆ ಇದ್ದದ್ದು 1958ರ ಮದುವೆ ಪತ್ರಿಕೆ. ಅಲ್ಲಿಗೆ ಮುಕ್ಕಾಲು ತೀರ್ಮಾನ ಆದಂತೆ.

ಉಳಿದ ಕಾಲು ಭಾಗ ಒಳಗಿತ್ತು. ಊರಲ್ಲೆಲ್ಲ ಫ್ಲೂ ಜ್ವರ, ಮಂಡಿ ಅರ್ಧ ಮುಚ್ಚಿದೆ, ತಾಯಿಗೆ ಹೇಳಿ ಕಾಸಿದ ನೀರು ಕುಡಿಯುವುದು ಅಂತ ತಾತ ಬರೆದಿದ್ದಾರೆ. ಏಷ್ಯನ್ ಫ್ಲೂ ಭಾರತಕ್ಕೆ ಬಂದದ್ದು 1957ರ ಮೇ ತಿಂಗಳಲ್ಲಿ, ಮದ್ರಾಸ್ ಬಂದರಿನಿಂದ. ಆ ಮಳೆಗಾಲದಲ್ಲೇ ದೇಶವೆಲ್ಲ ಹರಡಿತ್ತು. ‘ಹುಬ್ಬಳ್ಳಿಯೂ ಯೀಗ ನಮ್ಮ ರಾಜ್ಯವೇ’ ಅಂತ ಇನ್ನೊಂದು ಸಾಲು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ಅಲ್ಲಿವರೆಗೂ ಬೊಂಬಾಯಿಗೆ ಸೇರಿತ್ತು. ಆರೇಳು ವರ್ಷ ಆದ ಮೇಲೆ ಯಾರೂ ಇದನ್ನು ಸುದ್ದಿ ಅಂತ ಬರೆಯಲ್ಲ, ಅಲ್ವಾ?

ನನಗೆ ತುಂಬ ಹಿಡಿಸಿದ್ದು ಲೆಕ್ಕದ ಭಾಗ. ಅಪ್ಪನಿಗೆ ಆಗ ಹನ್ನೊಂದು ವರ್ಷ. ನಾಲ್ಕಾಣೆಗೆ 25 ನಯಾ ಪೈಸೆ ಸರಿಯಾಗಿದೆ, ಆದರೆ ಬಿಡಿ ಆಣೆ ಕೊಟ್ಟರೆ ೬ ಮಾತ್ರ ಕೊಡುತ್ತಾರೆ, ನಾಲ್ಕು ಬಿಡಿ ಆಣೆಗೆ ೨೪ ಆಯಿತು, ಒಂದು ಪೈಸೆ ಯಾರ ಜೇಬಿಗೆ ಹೋಯಿತು, ರೂಪಾಯಿಗೆ ಯೆಷ್ಟು ಹೋಗುತ್ತದೆ, ಲೆಕ್ಕ ಮಾಡಿ ಬರೆಯುವುದು ಅಂತ ಕೇಳಿದ್ದಾರೆ. ರೂಪಾಯಿಗೆ ಹದಿನಾರು ಆಣೆ, ಹಾಗಾಗಿ ಆಣೆಗೆ ಸರಿಯಾದ ಬೆಲೆ ಆರೂಕಾಲು ಪೈಸೆ. ಕಾಲು ಪೈಸೆ ನಾಣ್ಯ ಇಲ್ಲದ್ದರಿಂದ ಸರ್ಕಾರದ ಪಟ್ಟಿಯಲ್ಲೇ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಅಂತ ಇತ್ತು. ಬೆಲ್ಲದ ವಸೂಲಿಯಲ್ಲಿ ದಿನಾ ಚಿಲ್ಲರೆ ಎಣಿಸುವವರಿಗೆ ಇದು ಚುಚ್ಚದೆ ಇರುತ್ತದಾ? ಓದುವ ನನಗೂ ಈ ಲೆಕ್ಕ ಸಹಾಯ ಮಾಡಿತು. ತಾತನ ಕೈಯಲ್ಲಿ ೬ ಮತ್ತು ೯ ಒಂದೇ ಥರ. ನಾಲ್ಕರಿಂದ ಗುಣಿಸಿದರೆ ೨೪ ಬರಬೇಕಾದ್ದರಿಂದ ಅದು ೬ ಅಂತ ಖಾತ್ರಿಯಾಯಿತು. ಆಮೇಲೆ ಕಾಗದದ ಬೇರೆ ಕಡೆ ಇದ್ದ ಅಂಕಿಗಳನ್ನು ಇದಕ್ಕೆ ಹೋಲಿಸಿ ಓದಿದೆ.

ಅದರ ಕೆಳಗೇ ಹಬ್ಬದ ಮಾತು. ಭೀಮನ ಅಮಾವಾಸ್ಯೆಗೆ ನಮ್ಮಲ್ಲಿ ಹೊಸಲ ಮೇಲೆ ಭಂಡಾರ ಒಡೆಯುತ್ತಾರೆ. ಕಡುಬಿನೊಳಗೆ ಕಾಸು ಇಟ್ಟಿರುತ್ತಾರೆ, ಗಂಡು ಮಕ್ಕಳು ಮೊಣಕೈಯಿಂದ ಗುದ್ದಿ ಒಡೆಯಬೇಕು. ‘ಯೀ ದಿನ ಭಂಡಾರ ವೊಡೆದಿರುತ್ತೀಯ. ಒಳಗೆ ಹೊಸ ಪೈಸೆ ಯಿತ್ತೋ ಹಳೇ ಕಾಸೋ ಬರೆಯುವುದು.’

ನಾನೇ ಪೂರ್ತಿ ಓದಿ ಬರೆದುಕೊಳ್ಳುವವರೆಗೂ ಅಪ್ಪನಿಗೆ ಕಾಗದ ತೋರಿಸಲಿಲ್ಲ. ಅದಕ್ಕೆ ಬೈಸಿಕೊಂಡೆ. ಆದರೆ ಬೇಕಂತಲೇ ಮಾಡಿದ್ದು. ಮೊದಲೇ ತೋರಿಸಿದ್ದರೆ ಅವರು ನೆನಪಿನಿಂದ ಹೇಳುತ್ತಿದ್ದರು, ನಾನು ಅದನ್ನೇ ಕಾಗದದಲ್ಲಿ ಓದುತ್ತಿದ್ದೆ. ಎರಡೂ ಬೇಕು, ಆದರೆ ಬೇರೆ ಬೇರೆ ಇರಬೇಕು. ಹಾಗಾಗಿ ಎರಡು ಪ್ರತಿ ಮಾಡಿದೆ. ಒಂದರಲ್ಲಿ ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ: ‘ಯೀಗ’, ‘ವೊಡೆದು’, ಕನ್ನಡ ಅಂಕಿ, ಸಾಲು ಮುರಿದ ಕಡೆ ಮುರಿದೇ. ಇನ್ನೊಂದು ದಪ್ಪ ಅಕ್ಷರದಲ್ಲಿ ಅಪ್ಪನಿಗೆ ಓದೋಕೆ, ಪಕ್ಕದಲ್ಲಿ ಅವರು ಹೇಳಿದ್ದನ್ನು ಬರೆಯಲು ಜಾಗ ಬಿಟ್ಟು. ಭಂಡಾರದಲ್ಲಿ ಏನಿತ್ತು ಅಂತ ಕೇಳಿದೆ. ‘ಅಜ್ಜಿ ಹೊಸ ಪೈಸೆ ಇಡಕ್ಕೆ ಒಪ್ಪಲಿಲ್ಲ ಕಣವ್ವ, ದೇವರಿಗೆ ನಡೆಯಲ್ಲ ಅಂದ್ಳು’ ಅಂದರು.

ಫೈಲಿಗೆ ಹೆಸರಿಡುವಾಗ ಇಸವಿ ಮೊದಲು, ಆಮೇಲೆ ತಿಂಗಳು, ದಿನ, ಊರು. ಆಗ ಎಲ್ಲ ತಾನಾಗೇ ಸಾಲಾಗಿ ನಿಲ್ಲುತ್ತದೆ. ಒಂದು ಪ್ರತಿ ನನ್ನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಅತ್ತೆಯ ಮನೆಯಲ್ಲಿ. ಮೂಲ ಕಾಗದ ಆಮ್ಲವಿಲ್ಲದ ಫೋಲ್ಡರಿನಲ್ಲಿ, ಮಡಿಸದೆ, ಬೀರುವಿನ ಮೇಲಿನ ಅರೆಯಲ್ಲಿ. ಪ್ಲಾಸ್ಟಿಕ್ ಕವರಿಗೆ ಹಾಕಿಲ್ಲ, ಮಳೆಗಾಲದಲ್ಲಿ ಒಳಗೇ ಬೆವರುತ್ತದೆ.

ಒಂದು ಪದ ಮಾತ್ರ ಉಳಿದಿದೆ. ಇನ್ನೂ ಹದಿನೆಂಟು ರೂಪಾಯಿ ಯಾರಿಂದಲೋ ಬರಬೇಕು, ಅದಕ್ಕೇ ತಡವಾಗುತ್ತಿದೆ ಅಂತ ತಾತ ಬರೆದಿದ್ದಾರೆ. ಸರಿಯಾಗಿ ಆ ಯಾರು ಅನ್ನುವ ಜಾಗದಲ್ಲೇ ತಂತಿಯ ತೂತು, ಸುತ್ತ ತುಕ್ಕಿನ ಬಳೆ. ಮೊದಲಿಗೆ ಒಂದು ‘ಸ’, ಕೊನೆಗೆ ‘ರಿಂದ’ ಮಾತ್ರ ಕಾಣುತ್ತದೆ. ಸಾವ್ಕಾರರಿಂದ ಅಂತ ಅಪ್ಪ. ಅಲ್ಲವೇ ಅಲ್ಲ, ಸರಾಫರಿಂದ ಅಂತ ಅತ್ತೆ ಫೋನಿನಲ್ಲೇ ಜಗಳಕ್ಕೆ ನಿಂತರು. ಪ್ರತಿಯಲ್ಲಿ ಆ ಜಾಗಕ್ಕೆ ಚುಕ್ಕಿ ಇಟ್ಟು, ಪಕ್ಕದಲ್ಲಿ ಇಬ್ಬರು ಹೇಳಿದ್ದನ್ನೂ ಅವರವರ ಹೆಸರು ಹಾಕಿ ಬರೆದಿದ್ದೇನೆ.